ಕೌಲೆನಾಡಿನ ಹೆಪ್ಪು

ಒಂದಾನೊಂದು ಕಾಲದಲ್ಲಿ, ಅಂದರೆ ದೇಶಕ್ಕೊಂದು ಬೇಲಿ ಬೇಕು ಅಂತ ಇನ್ನೂ ಯಾರಿಗೂ ಹೊಳೆದಿರದ ಕಾಲದಲ್ಲಿ, ಹಾಲವ್ವ ಅಂತ ಒಬ್ಬಳಿದ್ದಳಂತೆ. ಅವಳ ಊರನ್ನ ಹೊಳೆ ನುಂಗಿತ್ತು. ಉಳಿದದ್ದು ಮೂವರು ಗಂಡುಮಕ್ಕಳು, ಕೌಲೆ ಅನ್ನೋ ಹಸು, ಕಂಕುಳಲ್ಲೊಂದು ಕುಡಿಕೆ ಮೊಸರು. ದಿನಾ ಹಾಲು ಕರೆಯೋದು, ನಿನ್ನೆಯ ಮೊಸರನ್ನೇ ಚೂರು ಹೆಪ್ಪು ಹಾಕೋದು, ಮತ್ತೆ ನಡೆಯೋದು. ನಡೆದೂ ನಡೆದೂ ಒಂದು ಹಳ್ಳದ ದಂಡೆಯಲ್ಲಿ ಕೌಲೆ ಮಲಗಿಬಿಡ್ತಂತೆ. ಏಳೇ ತಾಯಿ ಅಂದರೂ ಏಳಲಿಲ್ಲ. ಸರಿ, ಇನ್ನು ಇದೇ ನಮ್ಮ ದೇಶ ಅಂದಳಂತೆ ಹಾಲವ್ವ.

ನಾನೂ ಬೇಕಾದಷ್ಟು ದೇಶ ಸುತ್ತಿದೀನಿ ಕೂಸೇ. ಎಲ್ಲರೂ ತಮ್ಮ ದೇಶ ಹುಟ್ಟಿದ್ದಕ್ಕೆ ದೊಡ್ಡ ದೊಡ್ಡ ಕಾರಣ ಹೇಳ್ತಾರೆ. ಕೆದಕಿ ನೋಡಿದರೆ ಯಾವುದೋ ಹಸುವಿಗೆ ಕಾಲು ಸೋತಿರುತ್ತೆ, ಅಷ್ಟೆ.

ಆಮೇಲೆ ಇಬ್ಬರು ಮಕ್ಕಳು ಹಳ್ಳದ ಈಚೆ, ಮೂರನೆಯವನು ಆಚೆ ಮನೆ ಕಟ್ಟಿದರಂತೆ. ಮೂವರಿಗೂ ಹಾಲವ್ವ ಒಂದೊಂದು ಬಟ್ಟಲು ಹೆಪ್ಪು ಕೊಟ್ಟು, ಕೇಳಿ ಬಂದವರನ್ನ ಬರಿ ಬಟ್ಟಲಲ್ಲಿ ಕಳಿಸಬೇಡಿ, ದೀಪ ಹಚ್ಚಿದ ಮೇಲೆ ಮಾತ್ರ ಕೊಡಬೇಡಿ, ಹೆಪ್ಪು ಹೋದರೆ ದೇಶ ಹೋಯ್ತು ಅಂದಳಂತೆ.

ಆಮೇಲೆ ಕುದುರೆ ಮೇಲೆ ಒಬ್ಬ ರಾಜ ಬಂದನಂತೆ. ಕತ್ತಿ ಹಿರಿದ, ಊರು ಗೆದ್ದ, ಸೆಕೆಗೆ ಬಸವಳಿದು ಕೂತ. ಅವನ ಅಡಿಗೆಯವಳು ಬಟ್ಟಲು ಹಿಡಿದು ಬಂದಳು. ಕೊಟ್ಟರು. ಮೊಸರನ್ನ ಉಂಡ ರಾಜ ಅಲ್ಲೇ ಅಡ್ಡಾದ. ಅವನ ಮೊಮ್ಮಕ್ಕಳ ಹೊತ್ತಿಗೆ ಗೆದ್ದವರ್ಯಾರು ಸೋತವರ್ಯಾರು ಅನ್ನೋದೇ ಮರೆತುಹೋಗಿತ್ತಂತೆ.

ಆಮೇಲೆ ಹಡಗಿನವರು ಬಂದರಂತೆ. ಹುಳಿಹಾಲು ತಿನ್ನೋ ಜನ ತಮ್ಮನ್ನ ತಾವೇ ಆಳ್ಕೊಳ್ಳೋದುಂಟಾ ಅಂತ ಮೂಗು ಮುಚ್ಕೊಂಡೇ ನೂರು ವರ್ಷ ಆಳಿದರು. ಬೇಸಿಗೆಯಲ್ಲಿ ಹೊಟ್ಟೆ ಕೆಟ್ಟ ದೊರೆಸಾನಿ ಹಿತ್ತಲ ಬಾಗಿಲಿಗೆ ಪಿಂಗಾಣಿ ಕಪ್ಪು ಹಿಡಿದು ಬಂದಳಂತೆ. ಅವಳಿಗೂ ಕೊಟ್ಟರು.

ಅವಳಿಗ್ಯಾಕೆ ಅಜ್ಜೀ?

ಬಟ್ಟಲು ತಂದಿದ್ದಳಲ್ಲ.

ಕೊನೆಗೆ ಹಡಗಿನವರು ರೈಲುಕಂಬಿ, ರಬ್ಬರು ಸೀಲು ಎಲ್ಲ ಬಿಟ್ಟು ಹೋದರಂತೆ. ಕಂಬಿಗೆ ತುಕ್ಕು ಹಿಡೀತು, ಸೀಲಿಗೆ ಹಿಡೀಲಿಲ್ಲ.

ಆಮೇಲೆ ನಮ್ಮವರದೇ ರಾಜ್ಯ ಬಂತು. ಬಂದದ್ದೇ ಹಳ್ಳದ ಆಚೆಯ ಮೂರನೆಯವನ ವಂಶಕ್ಕೂ ಈಚೆಯವರಿಗೂ ಜಗಳ, ಹಾಲವ್ವ ನಮ್ಮವಳು ಅಂತ. ಹಳ್ಳದ ಉದ್ದಕ್ಕೂ ಮುಳ್ಳುತಂತಿ ಬಿತ್ತು. ಎಷ್ಟೋ ವರ್ಷದ ಮೇಲೆ ಈಚೆ ಕಿಟ್ಟಣ್ಣಯ್ಯ ಅಂತ ಒಬ್ಬ ಮಂತ್ರಿ ಬಂದ. ಆಚೆಯವರಿಗೆ ಯಾರಾದರೂ ಹೆಪ್ಪು ಕೊಟ್ಟುಬಿಟ್ಟಾರು ಅಂತ ಅವನು ಮನೆಮನೆಯ ಮೊಸರಕುಡಿಕೆ ಎತ್ತಿಸಿ, ಇನ್ನು ದೇಶಕ್ಕೆಲ್ಲ ಒಂದೇ ಕುಡಿಕೆ, ಸರ್ಕಾರದ್ದು ಅಂದನಂತೆ. ಅದನ್ನ ನೋಡ್ಕೊಳ್ಳೋಳು ನೀಲವ್ವ. ದಿನಾ ಹೆಪ್ಪು ಹಾಕೋದು, ಊರಿಗೆಲ್ಲ ಅಳೆದು ಕೊಡೋದು ಅವಳ ಕೆಲಸ.

ಸ್ವಾತಂತ್ರ್ಯದ ಐವತ್ತನೇ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಮುಂಚೆ ಕಳ್ಳರು ಕದ್ದರೆ ಅಂತ ಕಿಟ್ಟಣ್ಣಯ್ಯ ಕುಡಿಕೆಯನ್ನ ಕಬ್ಬಿಣದ ಬೀರುವಲ್ಲಿಟ್ಟು, ಬೀಗಕ್ಕೆ ಸೀಲು ಹೊಡೆದು, ಕೀಲಿ ಜೇಬಿಗಿಟ್ಟು ಪ್ರವಾಸ ಹೋದನಂತೆ. ದಿನಾ ಹಾಲು ಕಾಣಬೇಕು ಸ್ವಾಮಿ ಅದಕ್ಕೆ, ಇಲ್ಲದಿದ್ದರೆ ಸಾಯುತ್ತೆ ಅಂತ ನೀಲವ್ವ ಕಾರಿನ ಹಿಂದೆಯೇ ಓಡಿದಳು. ಕಿವಿಗೆ ಹಾಕ್ಕೊಳ್ಳಲಿಲ್ಲ. ಎಂಟು ದಿನ ದೇಶವೆಲ್ಲ ಮಜ್ಜಿಗೆ ಇಲ್ಲದೆ ಉಂಡಿತಂತೆ. ಒಂಬತ್ತನೇ ದಿನ ಅವನು ಬಂದು ಬೀರು ತೆಗೆದರೆ, ಕುಡಿಕೆ ತುಂಬ ಹಸಿರು ಬೂಷ್ಟು.

ಮಂತ್ರಿಯ ತಪ್ಪು ಮಂತ್ರಿಯದಾಗುತ್ತಾ? ನಾಳೆ ಹಬ್ಬಕ್ಕೆ ಹೆಪ್ಪಿಲ್ಲ ಅಂದರೆ ನಿನ್ನನ್ನ ಗಡಿಯಾಚೆ ಅಟ್ಟಿಸ್ತೀನಿ ಅಂದನಂತೆ ನೀಲವ್ವನಿಗೆ. ಅಟ್ಟಿಸೋದ್ಯಾಕೆ, ನಾನೇ ಹೋಗ್ತೀನಿ ಅಂತ ಅವಳು ಬರಿ ಬಟ್ಟಲು ಹಿಡಿದು ತಂತಿಯ ಹತ್ತಿರ ಬಂದಳಂತೆ. ಆಚೆ ಒಬ್ಬ ಮುದುಕಿ ಎಮ್ಮೆ ಮೇಯಿಸ್ತಿದ್ದಳು.

ಅಕ್ಕಾ, ಚೂರು ಹೆಪ್ಪು ಇದೆಯೇ?

ಮುದುಕಿ ಅವಳನ್ನೇ ನೋಡಿದಳು. ಐವತ್ತು ವರ್ಷದಿಂದ ಒಬ್ಬರೂ ಕೇಳೋಕೆ ಬರಲಿಲ್ಲ, ನೀವೆಲ್ಲ ಮೊಸರು ಬಿಟ್ಟಿರಿ ಅಂದ್ಕೊಂಡಿದ್ದೆ. ತಡಿ, ಹೊತ್ತು ಮುಳುಗೋದರೊಳಗೆ ತರ್ತೀನಿ. ದೀಪ ಹಚ್ಚಿದ ಮೇಲೆ ಕೊಡಬಾರದು ಅಂದಳಂತೆ.

ಅಲ್ಲೂ ಅದೇ ಮಾತು ಉಳಿದಿತ್ತು ಅಂತ ಕೇಳಿದ್ದೇ ನೀಲವ್ವನ ಎದೆ ಹಗುರಾಯ್ತಂತೆ. ಮುದುಕಿ ಹೆಪ್ಪು ತಂದಳು, ಆದರೆ ಬಟ್ಟಲು ತಂತಿಯಲ್ಲಿ ತೂರಲಿಲ್ಲ. ಕಾವಲಿನವನು ಚೀಟಿ ಎಲ್ಲಿ ಅಂದ. ನಿನ್ನೆ ಊಟಕ್ಕೆ ಏನು ಕಲಸ್ಕೊಂಡೆ ಮಗಾ ಅಂದಳು ನೀಲವ್ವ. ಎಂಟು ದಿನದಿಂದ ಬರೇ ಸಾರುಂಡಿದ್ದ ಅವನು ಆ ಕಡೆ ಈ ಕಡೆ ನೋಡಿ, ಇಕ್ಕಳ ತಂದು ಎರಡು ಎಳೆ ಕತ್ತರಿಸಿದನಂತೆ, ಬಟ್ಟಲು ಹಿಡಿಸೋ ಅಷ್ಟು.

ಮಾರನೇ ದಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಹಬ್ಬ ಆಯ್ತು. ಕಿಟ್ಟಣ್ಣಯ್ಯ ಎರಡು ಸಲ ಬಡಿಸಿಕೊಂಡ, ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಹೆಂಗಸರು ಮಾತ್ರ ಇನ್ನು ಒಂದೇ ಕುಡಿಕೆಯನ್ನ ನಂಬಲ್ಲ ಅಂತ ಮನೆಮನೆಗೂ ಹೆಪ್ಪು ಒಯ್ದರಂತೆ. ಆಮೇಲೆ ತಂತಿಯ ಆ ತೂತು ಬಟ್ಟಲಿನಷ್ಟಿದ್ದದ್ದು ಬಿಂದಿಗೆಯಷ್ಟಾಯ್ತು, ಬಿಂದಿಗೆಯಷ್ಟಿದ್ದದ್ದು ಎಮ್ಮೆ ನುಗ್ಗೋ ಅಷ್ಟಾಯ್ತು. ಈಗ ಅಲ್ಲಿ ಮದುವೆ ದಿಬ್ಬಣ ಹೋಗುತ್ತಂತೆ.

ಅಜ್ಜೀ, ನಮ್ಮ ಹಾಲಿಗೆ ಹಾಕಿದೀಯಾ?

ಹಾಕಿದೀನಿ. ನಮ್ಮದು ಮುಗಿದಿತ್ತು, ಸಂಜೆಗೆ ಮುಂಚೆ ಎದುರುಮನೆ ಜುಬೇದಕ್ಕನ ಹತ್ತಿರ ಇಸ್ಕೊಂಡು ಬಂದೆ. ಕತೆ ಮುಗೀತು, ಅಲುಗಾಡದೆ ಮಲಗು. ಬೆಳಿಗ್ಗೆ ಎದ್ದರೆ ಮೊಸರಾಗಿರುತ್ತೆ.