ಐವತ್ತು ಕಾಡತೂಸು

"ಅಜ್ಜಾರ, ತಪ್ಪಾತು ಅಂತ ಹೇಳಾಕ ಸರಿಯಾದ ಮಾತು ಯಾವುದ್ರಿ?" ಎಂದು ಅಡಿವೆಪ್ಪ ಕೇಳಿದ.

ಗುರುಗಳು ಮಠದ ಕಟ್ಟೆಯ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದರು. ಯಾರಿಗೆ ಹೇಳಬೇಕು ಎಂದು ಅವರು ಕೇಳಲಿಲ್ಲ. ಮಠಕ್ಕೆ ಬಂದ ಆರು ವರ್ಷದಿಂದ ಅಡಿವೆಪ್ಪ ತನ್ನ ಅಕ್ಕನಿಗೆ ಒಂದು ಕಾಗದ ಬರೆಯುತ್ತಿದ್ದಾನೆ, ಬರೆದು ಹರಿಯುತ್ತಿದ್ದಾನೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕ. ಮನೆ ಬಿಟ್ಟ ದಿನ ಅವನು ಅವಳಿಗೆ ಆಡಬಾರದ ಮಾತು ಆಡಿ ಬಂದಿದ್ದ. ಹೋಗಿ ಅವಳ ಕಾಲು ಹಿಡಿಯಬೇಕೆಂಬ ಆಸೆ ಅವನನ್ನು ಒಳಗೇ ತಿನ್ನುತ್ತಿತ್ತು. ಆದರೆ ಒಂದು ಮಾತು ಬರೆದರೆ ಅದರಲ್ಲಿ ಸೊಕ್ಕು ಕಾಣುತ್ತಿತ್ತು, ಇನ್ನೊಂದು ಬರೆದರೆ ನಾಟಕ ಕಾಣುತ್ತಿತ್ತು. ಅಕ್ಕನಿಗೆ ಮತ್ತೆ ನೋವಾಗದಂಥ ಮಾತು ಸಿಗಲಿ, ಸಿಕ್ಕ ದಿನವೇ ಹೊರಡುತ್ತೇನೆ ಎಂದು ಅವನು ಕಾಯುತ್ತಿದ್ದ.

ಗುರುಗಳು "ಕೂಡು" ಎಂದರು. ಅವನು ಕುಳಿತ. ಅವರು ಕತೆ ಹೇಳಿದರು. ಮಠದಲ್ಲಿ ಕುಳಿತು ಬೇಟೆಯ ಕತೆಯೇ ಎಂದು ಮೂಗು ಮುರಿಯುವವರಿಗೆ ಅವರು ಸೊಪ್ಪು ಹಾಕುತ್ತಿರಲಿಲ್ಲ. ಸಂಸಾರಸ್ಥರ ಕತೆಯನ್ನು ಸಂಸಾರಸ್ಥರ ಒಲೆಯಿಂದಲೇ ಹೇಳಬೇಕು ಎನ್ನುವ ಪೈಕಿ ಅವರು.

ಕಾಡಿನ ಅಂಚಿನ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಆಗಿನ್ನೂ ಮೊಲ, ಕಾಡುಕೋಳಿ ಹೊಡೆಯಲು ಸರಕಾರದ ಅಡ್ಡಿ ಇರಲಿಲ್ಲ. ಬಂದೂಕಿಗೊಂದು ಪರವಾನಗಿ ಇದ್ದರೆ ಸಾಕಿತ್ತು. ಅವನ ಹತ್ತಿರ ಅಪ್ಪನ ಕಾಲದ ಮದ್ದಿನ ಬಂದೂಕು ಇತ್ತು. ಮದ್ದು ಸುರಿದು, ಸಣ್ಣ ಸೀಸದ ಕಾಳು ಹಾಕಿ, ಗಜದ ಕಂಬಿಯಿಂದ ಜಡಿದು ಹೊಡೆಯುವಂಥದ್ದು. ಗುರಿ ಸುಮಾರಾಗಿದ್ದರೂ ಕಾಳುಗಳು ಹರಡಿ ಹೋಗಿ ಒಂದೆರಡಾದರೂ ತಾಗುತ್ತಿದ್ದವು. ಹೀಗಾಗಿ ಊರಲ್ಲಿ ಅವನಿಗೆ ಒಳ್ಳೆಯ ಗುರಿಗಾರನೆಂಬ ಹೆಸರಿತ್ತು. ಆ ಹೆಸರನ್ನು ಅವನೂ ನಂಬಿದ್ದ.

ಅವನ ಹೆಂಡತಿ ಬಸುರಿಯಾದಳು. ಐದು ತುಂಬಿದಾಗ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, "ಮೊಲದ ಸಾರು ಉಣಬೇಕು ಅನಿಸೇತಿರಿ, ನಮ್ಮಣ್ಣ ಮಾಡತಿದ್ದಂಥಾದ್ದು" ಎಂದಳು.

ಮದುವೆಯಾದ ನಾಲ್ಕು ವರ್ಷದಲ್ಲಿ ಅವಳು ಬಾಯಿ ಬಿಟ್ಟು ಕೇಳಿದ ಮೊದಲನೆಯ ಮಾತು ಅದು. ಬೇಟೆಗಾರನ ಎದೆ ತುಂಬಿ ಬಂತು. ಅವಳ ಅಣ್ಣ ಹಿಂದಿನ ವರ್ಷ ಜ್ವರದಲ್ಲಿ ತೀರಿಹೋಗಿದ್ದ. ಅವನೊಂದಿಗೆ ಅವಳ ತವರೂ ಮುಗಿದಿತ್ತು. ಅಣ್ಣ ಬದುವಿನಲ್ಲಿ ಉರುಲು ಹಾಕಿ ಮೊಲ ಹಿಡಿಯುತ್ತಿದ್ದ, ತಂಗಿಗೆ ತಾನೇ ಸಾರು ಮಾಡಿ ಬಡಿಸುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಸಾರಷ್ಟೇ ಅಲ್ಲ ಎಂದು ಬೇಟೆಗಾರನಿಗೂ ತಿಳಿಯಿತು. ಅವನೇನು ದಡ್ಡನಲ್ಲ. ದಡ್ಡನಾಗಿದ್ದರೆ ಆ ದಿನವೇ ಬಂದೂಕು ಹೆಗಲಿಗೆ ಹಾಕಿಕೊಂಡು ಹೋಗಿ ಒಂದು ಮೊಲ ತರುತ್ತಿದ್ದ.

ಅವನಿಗೆ ಒಂದು ಸಂಗತಿ ನೆನಪಾಯಿತು. ಮದುವೆಯ ಹೊಸತರಲ್ಲಿ ಅವನು ಹೊಡೆದು ತಂದ ಕಾಡುಕೋಳಿಯ ತುಂಡೊಂದರಲ್ಲಿ ಸೀಸದ ಕಾಳು ಉಳಿದಿತ್ತು. ಅವಳು ಅದನ್ನು ಕಚ್ಚಿ, ದವಡೆ ಹಿಡಿದುಕೊಂಡು ಇಡೀ ದಿನ ಕುಳಿತಿದ್ದಳು. ಮನೆಯವರೆಲ್ಲ ನಕ್ಕಿದ್ದರು. ಉರುಲಿಗೆ ಬಿದ್ದ ಮೊಲದಲ್ಲಿ ಕಾಳು ಎಲ್ಲಿಂದ ಬರಬೇಕು? ಅಣ್ಣನ ಕೈಯ ಸಾರು ಬೇಡಿದವಳಿಗೆ ಕಾಳು ತುಂಬಿದ ಮೊಲ ಬಡಿಸುವುದು ಹೇಗೆ? ಅದೂ ಎರಡು ಜೀವದವಳಿಗೆ. ಉರುಲು ಹಾಕಲು ಅವನಿಗೆ ಬರುತ್ತಿರಲಿಲ್ಲ. ಕಲಿಯಲು ಮನಸ್ಸೂ ಇರಲಿಲ್ಲ, ಬಂದೂಕಿನವನೆಂಬ ಹೆಸರು ಏನಾಗಬೇಕು? ತಲೆಗೆ ಒಂದೇ ಗುಂಡು ಬೀಳಬೇಕು, ಮೈಯೆಲ್ಲ ಹಾಗೆಯೇ ಇರಬೇಕು. ಅಂಥ ಬಂದೂಕು ತರುತ್ತೇನೆ ಎಂದು ಅವನು ನಿಶ್ಚಯಿಸಿದ. ನಿಶ್ಚಯದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

ಪೇಟೆಯ ಬಂದೂಕಿನ ವ್ಯಾಪಾರಿ ಅವನ ಮುಂದೆ, ಕಾಳಿನ ಬದಲು ಸಣ್ಣ ಗುಂಡು ಹಾರಿಸುವ ಮೂರು ಟೂಟೂ ರೈಫಲ್ ಇಟ್ಟ. ಮೂರೂ ಮೊಲದಂಥ ಸಣ್ಣ ಬೇಟೆಗೆ ಆಗುವಂಥವು. ಒಂದು ಪರದೇಶದ್ದು, ಅದರ ಮರದ ಹಿಡಿಯಲ್ಲಿ ಮುಖ ಕಾಣುತ್ತಿತ್ತು. ಇನ್ನೊಂದು ಒಂದೇ ಸಲಕ್ಕೆ ಹತ್ತು ಗುಂಡು ನುಂಗಿ ಒಂದಾದ ಮೇಲೊಂದು ಹಾರಿಸುವಂಥದ್ದು. ಮೂರನೆಯದು ಯಾರೋ ಬಳಸಿ ಬಿಟ್ಟದ್ದು, ಹಿಡಿಯೆಲ್ಲ ಗೀರು, ಒಂದು ಸಲಕ್ಕೆ ಒಂದೇ ಗುಂಡು. ಬೇಟೆಗಾರ ಮೂರರ ನಳಿಗೆಯನ್ನೂ ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿದ. ಮೂರನೆಯದರ ಒಳಗಿನ ಸುರುಳಿ ಗೀರುಗಳು ಚೊಕ್ಕವಾಗಿದ್ದವು, ತುಕ್ಕಿನ ಚುಕ್ಕೆಯೂ ಇರಲಿಲ್ಲ. ಅದು ಅವನ ಕೈಗೆಟುಕುವ ಬೆಲೆಯದೂ ಆಗಿತ್ತು. ಪರವಾನಗಿ ಒಂದೇ ಬಂದೂಕಿಗೆ ಇದ್ದದ್ದರಿಂದ ಅಪ್ಪನ ಬಂದೂಕನ್ನು ಅಲ್ಲಿಯೇ ಕೊಟ್ಟು, ಮೇಲಿಷ್ಟು ಹಣ ಹಾಕಿ ಅದನ್ನು ಕೊಂಡ. ಇಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ಹೆಸರಿಡುವಂಥದ್ದು ಏನೂ ಇಲ್ಲ.

ಹೊರಡುವಾಗ ವ್ಯಾಪಾರಿ ಒಂದು ಮಾತು ಹೇಳಿದ. "ನೋಡ್ರಿ, ಇದರ ಗುಂಡು ಭಾಳ ಸಣ್ಣದು. ಒಂದೊಂದು ನಳಿಗಿಗೆ ಒಂದೊಂದು ಕಂಪನಿ ಕಾಡತೂಸು ಒಗ್ಗತೈತಿ. ಯಾವುದು ಒಗ್ಗತೈತಿ ಅನ್ನೂದು ನಾ ಹೇಳಾಕ ಬರೂದಿಲ್ಲ, ನೀವ ಹೊಡದು ನೋಡಬೇಕು. ಮತ್ತ ಇದು ಮದ್ದಿನ ಬಂದೂಕಲ್ಲ, ಹಾರಿಸಿದ ಕಾಡತೂಸಿನ ಖಾಲಿ ಕೊಳವಿಗೆ ಮನ್ಯಾಗ ಮದ್ದು ತುಂಬಾಕ ಆಗೂದಿಲ್ಲ. ಹಾರಿದ್ದು ಹಾರಿಹೋತು."

ಬೇಟೆಗಾರ ಮೊದಲನೆಯ ಮಾತನ್ನು ಕಿವಿಗೊಟ್ಟು ಕೇಳಿದ. ಎರಡನೆಯದಕ್ಕೆ ಹೂಂಗುಟ್ಟಿದ. ಪರವಾನಗಿಯ ಮೇಲೆ ವರ್ಷಕ್ಕೆ ಐವತ್ತು ಕಾಡತೂಸು ಸಿಗುತ್ತಿದ್ದವು. ಅವನು ಐದು ಕಂಪನಿಯವನ್ನು ಹತ್ತು ಹತ್ತರಂತೆ ಕೊಂಡ.

ಮರುದಿನದಿಂದ ಹಿತ್ತಲಲ್ಲಿ ಪರೀಕ್ಷೆ ಶುರುವಾಯಿತು. ಜೋಳದ ಚೀಲದ ಮೇಲೆ ನಳಿಗೆ ಊರಿ, ಐವತ್ತು ಹೆಜ್ಜೆ ದೂರದಲ್ಲಿ ಮುತ್ತುಗದ ಎಲೆಗೆ ಸುಣ್ಣದ ಚುಕ್ಕೆ ಇಟ್ಟು ಹೊಡೆದ. ಹೆಂಡತಿಯ ಕುಂಕುಮದ ಭರಣಿಯ ಮುಚ್ಚಳ ತಂದು ಎಲೆಯ ಮೇಲೆ ಇಟ್ಟು ನೋಡಿದ. ಐದು ಗುಂಡಿನ ತೂತುಗಳೂ ಆ ಮುಚ್ಚಳದ ಅಡಿ ಅಡಗಬೇಕು, ಅದು ಅವನು ಹಾಕಿಕೊಂಡ ಲೆಕ್ಕ. ಮೊದಲನೆಯ ಕಂಪನಿಯ ಗುಂಡುಗಳು ಎಲೆಯ ತುಂಬ ಹರಡಿದವು. ಗಾಳಿ ಇದ್ದೀತೆಂದು ಉಳಿದೈದನ್ನೂ ಹೊಡೆದ. ಆಗಲೂ ಹಾಗೆಯೇ. ಎರಡನೆಯದು ಎಡಕ್ಕೆ ಎಳೆಯಿತು. ತನ್ನ ಭುಜದ ತಪ್ಪೋ ಎಂದು ಆ ಹತ್ತನ್ನೂ ಮುಗಿಸಿದ. ಮೂರನೆಯದರಲ್ಲಿ ನಾಲ್ಕು ಗುಂಡು ಮುಚ್ಚಳದ ಅಡಿ ಬಿದ್ದವು, ಒಂದು ಮಾತ್ರ ಬೆರಳಗಲ ಆಚೆ ಬಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಗಂಡ ತನಗಾಗಿ ಇಷ್ಟು ಪಾಡು ಪಡುತ್ತಿದ್ದಾನೆಂದು ಮೊದಮೊದಲು ಅವಳಿಗೆ ಹಿಗ್ಗಾಗುತ್ತಿತ್ತು. ಸಾರಿಗೆ ಬೇಕಾದ ಮಸಾಲೆಯನ್ನು ಅವಳು ಹುರಿದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಳು. ಅದರ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚುತ್ತಿದ್ದಳು.

ಏಳನೆಯ ತಿಂಗಳಲ್ಲಿ ಒಂದು ಸಂಜೆ ಮೊಲ ತಾನಾಗಿಯೇ ಬಂತು. ಬೇಟೆಗಾರ ಚೀಲದ ಹಿಂದೆ ಬೋರಲು ಮಲಗಿದ್ದ, ನಳಿಗೆಯಲ್ಲಿ ಕಾಡತೂಸು ಇತ್ತು. ಬೇಲಿಯ ಬುಡದಿಂದ ಮೊಲ ಹೊರಬಂದು, ಮೂವತ್ತು ಹೆಜ್ಜೆ ದೂರದಲ್ಲಿ ಕಿವಿ ನಿಮಿರಿಸಿ ಕುಳಿತಿತು. ಬಾಗಿಲಲ್ಲಿದ್ದ ಹೆಂಡತಿ ಉಸಿರು ಬಿಗಿಹಿಡಿದಳು. ಆಮೇಲೆ ಮೆಲ್ಲಗೆ, "ಹೊಡೀರಿ" ಎಂದಳು.

ಅವನು ಗುರಿ ಹಿಡಿದ. ಬೆರಳು ಬಂದೂಕಿನ ಕುದುರೆಯ ಮೇಲೆ ಹೋಯಿತು. ಆಗ ಅವನಿಗೆ ಬೆರಳಗಲ ಆಚೆ ಬಿದ್ದ ಆ ಒಂದು ತೂತು ನೆನಪಾಯಿತು. ಈ ಗುಂಡು ಅಂಥದ್ದೇ ಆದರೆ? ತಲೆ ತಪ್ಪಿ ಹೊಟ್ಟೆಗೆ ಬಿದ್ದು ಮಾಂಸವೆಲ್ಲ ಕೆಟ್ಟರೆ? ಅವಳ ಅಣ್ಣನ ಹೆಸರಿನ ಸಾರು ಅದು. ಅವನು ಬೆರಳು ಹಿಂದಕ್ಕೆ ತೆಗೆದ.

"ಇನ್ನೂ ನಂಬಿಕಿ ಬಂದಿಲ್ಲ. ಎರಡು ಕಂಪನಿ ನೋಡೂದು ಬಾಕಿ ಐತಿ," ಎಂದ.

ಮೊಲ ಸ್ವಲ್ಪ ಹೊತ್ತು ಕುಳಿತಿದ್ದು ಬೇಲಿ ನುಸುಳಿ ಹೋಯಿತು. ಹೆಂಡತಿ ಒಳಗೆ ಹೋಗಿ ದೀಪ ಹಚ್ಚಿದಳು.

ನಾಲ್ಕನೆಯ ಕಂಪನಿಯ ಹತ್ತೂ ಮೂರನೆಯದಕ್ಕಿಂತ ಕೆಟ್ಟದಾಗಿ ಬಿದ್ದವು. ಅದು ನಿಜವೋ ತನ್ನ ಭ್ರಮೆಯೋ ಎಂದು ಮೂರನೆಯದರಲ್ಲಿ ಉಳಿದ ಐದನ್ನೂ ಹೊಡೆದು ಹೋಲಿಸಿ ನೋಡಿದ. ಐದನೆಯದರ ಮೊದಲ ಐದು ಗುಂಡು ಚೆನ್ನಾಗಿ ಕೂಡಿದವು, ಆದರೆ ಚುಕ್ಕೆಗಿಂತ ಮೇಲೆ. ನಳಿಗೆಯ ಮೇಲಿನ ಗುರಿಯ ಮಣಿಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಹೊಡೆದ. ಒಂದು, ಎರಡು, ಮೂರು, ನಾಲ್ಕು, ಐದು. ಎದ್ದು ಹೋಗಿ ನೋಡಿದರೆ ಎಲೆಯಲ್ಲಿ ತೂತು ಒಂದೇ. ಐದು ಗುಂಡೂ ಸುಣ್ಣದ ಚುಕ್ಕೆಯನ್ನು ಹೊತ್ತುಕೊಂಡು ಅದೊಂದೇ ದಾರಿಯಲ್ಲಿ ಹೋಗಿದ್ದವು. ಮುಚ್ಚಳ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ. ಅವನು ಎಲೆ ಹಿಡಿದುಕೊಂಡು ಓಡಿಬಂದು ಹೆಂಡತಿಗೆ ತೋರಿಸಿದ. ಅವಳು ನೋಡಿದಳು, ನಕ್ಕಳು. "ಹಂಗಾರ ನಾಳೆ ಹೋಗತೀರೇನು?" ಎಂದಳು.

ಅವನು ಕಾಡತೂಸಿನ ಡಬ್ಬಿಗೆ ಕೈ ಹಾಕಿದ. ಐದು ಡಬ್ಬಿಯಲ್ಲಿಯೂ ಹಾಕಿದ, ಐದೂ ಖಾಲಿ.

ಮದ್ದಿನ ಬಂದೂಕಿನಲ್ಲಿ ಬೆಳೆದ ಕೈ ಅದು. ಮುಗಿದರೆ ತುಂಬಿಕೊಂಡರಾಯಿತು ಎಂಬುದು ಅವನ ನೆತ್ತರಿನಲ್ಲಿಯೇ ಇತ್ತು. ಖಾಲಿ ಕೊಳವೆಗಳನ್ನು ಅವನು ಒಂದು ಬಟ್ಟಲಲ್ಲಿ ಜೋಪಾನವಾಗಿ ಕೂಡಿಹಾಕಿದ್ದ. ಹಾರಿಹೋದದ್ದು ಹಾರಿಹೋಯಿತು ಎಂದು ವ್ಯಾಪಾರಿ ಹೇಳಿದ್ದು ಅವನಿಗೆ ಈಗ ಕೇಳಿಸಿತು.

ಪೇಟೆಗೆ ಓಡಿದ. ವ್ಯಾಪಾರಿ ಕೈ ಮುಗಿದುಬಿಟ್ಟ. ಈ ವರ್ಷದ ಐವತ್ತು ಮುಗಿದಿದೆ, ಒಂದು ಹೆಚ್ಚಿಗೆ ಕೊಟ್ಟರೂ ತನ್ನ ಅಂಗಡಿಗೆ ಬೀಗ ಬೀಳುತ್ತದೆ, ಇನ್ನು ನಾಲ್ಕು ತಿಂಗಳು ಕಳೆಯಲಿ ಎಂದ. ಊರಲ್ಲಿ ಬಂದೂಕು ಇದ್ದ ಇಬ್ಬರನ್ನು ಕೇಳಿದ. ಒಬ್ಬರ ಪರವಾನಗಿಯ ಬಂದೂಕು ಇನ್ನೊಬ್ಬರ ಕೈಯಲ್ಲಿ ಸಿಕ್ಕರೆ ಇಬ್ಬರೂ ಒಳಗೆ ಹೋಗಬೇಕಾಗುತ್ತದೆ ಎಂದು ಅವರೂ ಕೊಡಲಿಲ್ಲ. ಕೊನೆಗೆ ಅವನು ಹುರಿ ತಂದು ಉರುಲು ಹಾಕಲು ಕುಳಿತ. ಅದಕ್ಕೆ ಒಂದು ಇಲಿಯೂ ಬೀಳಲಿಲ್ಲ. ಹೆಂಡತಿಯ ಮುಖ ನೋಡಲು ಆಗದೆ ಅವನು ಹಿತ್ತಲಲ್ಲಿಯೇ ಹೆಚ್ಚು ಹೊತ್ತು ಇರುತ್ತಿದ್ದ. ಒಂಬತ್ತು ತುಂಬಿ ಹೆಣ್ಣು ಮಗುವಾಯಿತು.

ಹೊಸ ವರ್ಷದ ಕಾಡತೂಸು ಬಂದ ದಿನವೇ ಅವನು ಕಾಡಿಗೆ ಹೋದ. ಒಂದೇ ಗುಂಡಿಗೆ ಮೊಲ ಬಿತ್ತು. ಗುಂಡು ಕಿವಿಯ ಬುಡಕ್ಕೆ ಬಿದ್ದಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ತಾನೇ ಸುಲಿದ, ತಾನೇ ಹೆಚ್ಚಿದ, ಅವಳು ಹೇಳಿದ ಹಾಗೆ ತಾನೇ ಸಾರು ಮಾಡಿದ. ಡಬ್ಬಿಯ ಮಸಾಲೆ ಹಳತಾಗಿತ್ತು, ಬೇರೆ ಹುರಿದುಕೊಂಡ. ತಾಟಿನಲ್ಲಿ ಬಡಿಸಿ ಅವಳ ಮುಂದೆ ಇಟ್ಟು, ಎದುರಿಗೆ ಕುಳಿತ.

ಅವಳು ಎರಡು ತುತ್ತು ಉಂಡಳು. "ಚಲೋ ಆಗೇತಿರಿ," ಎಂದು ಉಳಿದದ್ದನ್ನು ಅವನ ಕಡೆ ಸರಿಸಿ, ಅಳುತ್ತಿದ್ದ ಮಗುವನ್ನು ಎತ್ತಿಕೊಂಡಳು.

"ಒಂದು ಕಾಳೂ ಸಿಗಲಿಲ್ಲ ಹೌದಲ್ಲ?" ಎಂದು ಬೇಟೆಗಾರ ಕೇಳಿದ.

"ಸಿಕ್ಕಿದ್ರ ತೆಗದಿಟ್ಟು ಉಣತಿದ್ನಿರಿ," ಎಂದಳು ಅವಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅಲ್ಲಿಂದ ಮುಂದೆ ಅವನು ಪೇಟೆಗೆ ಹೊರಟಾಗಲೆಲ್ಲ ಹೊಸ್ತಿಲಲ್ಲಿ ನಿಂತು, "ನಿನಗೇನರ ತರಲೇನು?" ಎಂದು ಕೇಳುತ್ತಿದ್ದ. "ಏನೂ ಬ್ಯಾಡ್ರಿ," ಎನ್ನುತ್ತಿದ್ದಳು ಅವಳು. ಒಳ್ಳೆಯ ಹೆಂಡತಿಯೇ, ನಗುತ್ತಾ ಇರುತ್ತಿದ್ದಳು, ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು. ಆದರೆ ಏನನ್ನೂ ಬೇಡಲಿಲ್ಲ. ಅವನು ಕೇಳದೆಯೇ ತಂದ ಸೀರೆ ಉಟ್ಟಳು, ತಂದ ಬಳೆ ತೊಟ್ಟಳು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಒಂದೇ. ಅವಳು ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, ಇನ್ನೊಂದು ಸಲ ಏನಾದರೂ ಬೇಕು ಎನ್ನಬೇಕು. ಮೂವತ್ತು ವರ್ಷ ಅವನು ದಿನಾ ಮುಂಜಾನೆ ಒಲೆಯ ಹತ್ತಿರ ಕುಳಿತು ಕಾಯುತ್ತಿದ್ದ. ರೊಟ್ಟಿಯ ಸಪ್ಪಳವಷ್ಟೇ ಕೇಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಬೇಟೆಗಾರನ ಮೇಲೆ ಅಡಿವೆಪ್ಪನಿಗೆ ಮರುಕ ಬಂದಿತ್ತು. ತನ್ನ ಪಾಡು ಅಷ್ಟು ಕೆಟ್ಟದ್ದಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು. ಆ ಸಮಾಧಾನದಲ್ಲಿಯೇ ಅವನು ಬಾಯಿ ಬಿಟ್ಟ.

"ನಮ್ಮಕ್ಕ ಹಂಗಲ್ರಿ ಅಜ್ಜಾರ. ನಾ ಏನಂದರೂ ಅಕಿ ಮನಸಿಗೆ ಹಚಗೊಂಡಿಲ್ಲ. ಪ್ರತಿ ವರ್ಷ ನಾಗರ ಪಂಚಮಿಗೆ ಯಾರ ಕೈಲಾದರೂ ಹೇಳಿ ಕಳಸತಾಳ, ತಮ್ಮ ಈ ಸಲನರ ಬರತಾನೇನು ಕೇಳ್ರಿ ಅಂತ."

ಗುರುಗಳು ಹೊಸೆದ ಬತ್ತಿಯನ್ನು ಕೆಳಗಿಟ್ಟು ಅವನನ್ನು ನೋಡಿದರು.

"ಪಂಚಮಿ ಆಗಿ ಎಂಟ ದಿನಾತು, ಈ ಸಲ ಹೇಳಿ ಕಳಿಸ್ಯಾಳೇನು?"