ಸಂತೆಯಲ್ಲಿ ಬೇಡ, ಸಭೆಯಲ್ಲಿ ಹೂಂ

"ಜನರ ಆಸ್ತಿ ಮಾರಲು ನಾನು ಬಿಟ್ಟೇನೆ? ಸಭೆಯಲ್ಲಿ ಪ್ರತಿ ಸಲವೂ ಎದ್ದು ನಿಂತು 'ಬೇಡ' ಅಂದವನು ನಾನೊಬ್ಬನೇ!"

ನೇಸರಗಿರಿಯ ಸಂತೆಯಲ್ಲಿ ಸಿದ್ಧರಸರು ಹೀಗೆ ಎದೆ ತಟ್ಟಿಕೊಂಡಾಗ ಜನ ಚಪ್ಪಾಳೆ ಹೊಡೆದರು. ರಾಜಸಭೆಯ ಏಳು ಮಂದಿ ಸದಸ್ಯರಲ್ಲಿ ಅವರೂ ಒಬ್ಬರು.

ಅಲ್ಲೇ ಬದನೆಕಾಯಿ ಆರಿಸುತ್ತಿದ್ದ ಕರಣಿಕ ಸೋವಣ್ಣನಿಗೆ ಮೈಯೆಲ್ಲ ಉರಿಯಿತು. ಸಭೆಯಲ್ಲಿ ಯಾರು ಯಾವುದಕ್ಕೆ ಕೈ ಎತ್ತಿದರೆಂದು ಓಲೆಯಲ್ಲಿ ಬರೆಯುವವನೇ ಅವನು. ಹೊಳೆಯ ದೋಣಿಗಳನ್ನು ಮಾರುವಾಗ ಮೊದಲು ಎದ್ದ ಕೈ ಸಿದ್ಧರಸರದು. ಛತ್ರ ಮಾರುವಾಗಲೂ ಅವರದೇ. ಎಣ್ಣೆಗಾಣ ಮಾರುವಾಗಂತೂ ಅರಸರು ಕೇಳುವ ಮೊದಲೇ ಎತ್ತಿದ್ದರು! ಆದರೆ ಸಭೆ ನಡೆಯುವುದು ಮುಚ್ಚಿದ ಬಾಗಿಲೊಳಗೆ. ಅಲ್ಲಿಯ ಮಾತನ್ನು ಹೊರಗೆ ಆಡುವುದಿಲ್ಲವೆಂದು ಸೋವಣ್ಣ ಆಣೆ ಇಟ್ಟಿದ್ದ.

ನಾಳೆ ಊರಕೆರೆಯ ಸರದಿ. ಅವನ ಮನೆಯ ಕೊಡ ತುಂಬುವುದೂ ಅಲ್ಲೇ. ಸೋವಣ್ಣ ಬದನೆಕಾಯಿ ಬಿಟ್ಟು ಸೀದಾ ಉಪ್ಪಿನ ವ್ಯಾಪಾರಿ ಲಿಂಗಸೆಟ್ಟಿಯ ಅಂಗಡಿಗೆ ನಡೆದ.

ಮರುದಿನ ಸಭೆಯಲ್ಲಿ ಅರಸ ಚಂದ್ರಭೂಪ ಕೇಳಿದ, "ಕೆರೆಯ ವಿಚಾರ ಏನಂತೀರಿ?"

"ಮಾರಿಬಿಡೋಣ, ಪ್ರಭು. ಸರ್ಕಾರದ ಕೈಲಿದ್ದರೆ ಹಾಳು, ಸಾಹುಕಾರನ ಕೈಲಿದ್ದರೆ ಹಸನು," ಎಂದರು ಸಿದ್ಧರಸರು.

ಸೋವಣ್ಣ ಕೈ ಮುಗಿದ. "ಪ್ರಭು, ಅದಕ್ಕೂ ಮೊದಲು ಇನ್ನೊಂದು ಅರ್ಜಿ ಇದೆ. ಸರ್ಕಾರದ್ದೇ ಆಸ್ತಿ. ಹನ್ನೆರಡು ವರ್ಷದಿಂದ ಒಬ್ಬರೇ ಬಳಸುತ್ತಿದ್ದಾರೆ. ಊರಿಗೆ ಕವಡೆಯಷ್ಟೂ ಲಾಭವಿಲ್ಲ. ಲಿಂಗಸೆಟ್ಟಿ ಕೊಳ್ಳುತ್ತಾನಂತೆ."

"ಮಾರಿ, ಮಾರಿ!" ಸಿದ್ಧರಸರ ಕೈ ಆಗಲೇ ಮೇಲೆದ್ದಿತ್ತು.

"ಯಾವ ಆಸ್ತಿಯಯ್ಯಾ?" ಎಂದ ಅರಸ.

"ಸಿದ್ಧರಸರು ಕೂತಿರುವ ಪೀಠ, ಪ್ರಭು. ನಾಳೆಯಿಂದ ಸೆಟ್ಟರೇ ಅದರಲ್ಲಿ ಕೂತು ಕೈ ಎತ್ತುತ್ತಾರೆ."

ಎತ್ತಿದ ಕೈ ಧೊಪ್ಪನೆ ಬಿತ್ತು. "ಬೇಡ, ಪ್ರಭು! ಬೇಡವೇ ಬೇಡ! ಇದು ಜನರ ಪೀಠ! ಜನರದ್ದನ್ನು ಮಾರುವುದುಂಟೆ?"

ಸೋವಣ್ಣ ಮೊಣಕಾಲೂರಿ ಪೀಠದ ಕೆಳಗೆ ಇಣುಕಿದ.

"ಏನು ಹುಡುಕ್ತಿದ್ದೀಯ?" ಎಂದ ಅರಸ.

"ಸಿಕ್ಕಿತು, ಪ್ರಭು! ಸಂತೆಯಲ್ಲಿ ಸಿದ್ಧರಸರು 'ಬೇಡ, ಬೇಡ' ಅಂದೆ ಅಂತ ಹೇಳುತ್ತಿದ್ದರು. ನನ್ನ ಓಲೆಯಲ್ಲಿ ಮಾತ್ರ ಒಂದೇ ಒಂದು 'ಬೇಡ' ಇರಲಿಲ್ಲ. ಎಲ್ಲಿ ಹೋಯಿತೋ ಅಂದುಕೊಂಡಿದ್ದೆ. ಇವರ ಪೀಠದಡಿ ಇತ್ತು!"

ಅರಸ ಓಲೆ ತರಿಸಿ ಓದಿದ. ಪೇಟ ಜಾರುವಷ್ಟು ನಕ್ಕ. "ಏನು ಬೇಕು ಕೇಳು, ಸೋವಣ್ಣ."

"ಸಭೆಯ ಬಾಗಿಲು ತೆರೆಸಿ, ಪ್ರಭು. ಅಷ್ಟೇ ಸಾಕು."

ಬಾಗಿಲು ತೆರೆಯಿತು. ಕೊಡ ಹಿಡಿದ ಹೆಂಗಸರು, ಕುಂಬಾರರು, ಅಗಸರು ಒಳಗೆ ತುಂಬಿಕೊಂಡರು. ಅರಸ ಗಂಟಲು ಸರಿಮಾಡಿಕೊಂಡ. "ಕೆರೆ ಮಾರೋಣ ಅನ್ನುವವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಸಿದ್ಧರಸರಂತೂ ಅಭ್ಯಾಸಬಲದಿಂದ ಎಲ್ಲಿ ಎದ್ದುಬಿಡುತ್ತವೋ ಎಂದು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದರು.