ಸಾಹುಕಾರರ ಆಪ್‌ಗೆ ಜಾಗವಿಲ್ಲ

ಗದಗಿನ ಬಜಾರಿನಲ್ಲಿ ಮಲ್ಲೇಶಪ್ಪ ಅಂತ ಒಬ್ಬರು ಸೀರೆ ಸಾಹುಕಾರರು. ಅವರ ಅಂಗಡಿಯಲ್ಲಿ ನೀಲವ್ವ ಅಂತ ಗುಮಾಸ್ತೆ. ಫೋನಿನಲ್ಲಿ ಸೀರೆ ಮಾರಲು ಒಂದು ವೆಬ್‌ಸೈಟ್ ಸಾಕು ಅಂತ ಆಕೆ ಮೊದಲೇ ಹೇಳಿದ್ದಳು.

"ಲಿಂಕ್ ಒತ್ತಿದ್ರ ತೆರೆಯೋ ಸೈಟಂದ್ರ ಸಂತ್ಯಾಗ ಚಾಪಿ ಹಾಸಿ ಕುಂತಂಗ," ಅಂದರು ಸಾಹುಕಾರರು. "ಗಿರಾಕಿ ಫೋನಿನಾಗ ಇಳಿಸ್ಕೊಳ್ಳೋ ಆಪ್ ಅಂದ್ರ ಮರ್ಯಾದಿ." ಹಟ ಹಿಡಿದು ಆಪ್ ಮಾಡಿಸಿಯೇಬಿಟ್ಟರು. "ಶುಕ್ರವಾರದೊಳಗ ನೂರು ಗಿರಾಕಿ ಇಳಿಸ್ಕೊಂಡಿರಬೇಕು. ಇಲ್ಲಾಂದ್ರ ಶನಿವಾರ ನೀ ಕೆಲಸಕ್ಕ ಬರಬ್ಯಾಡ."

ನೀಲವ್ವ ವಾದ ಮಾಡಲಿಲ್ಲ. "ಮೊದಲನೇದು ನಿಮ್ಮ ಫೋನಿನಾಗ ಆಗ್ಲಿರಿ," ಅಂದಳು.

ಸಾಹುಕಾರರು ಗತ್ತಿನಿಂದ ಒತ್ತಿದರು. ಫೋನು ಜಾಗವಿಲ್ಲ ಅಂದಿತು. ಒಳಗೆ ನಾಲ್ಕು ಸಾವಿರ ಗುಡ್ ಮಾರ್ನಿಂಗ್ ಚಿತ್ರಗಳಿದ್ದವು.

"ಇವನ್ನ ಅಳಸ್ಲೇನ್ರಿ?"

"ಬೀಗರು ಕಳಿಸಿದ್ದು. ಹೆಂಗ ಅಳಸ್ತಿ?"

"ಗಿರಾಕಿಗಳ ಫೋನೂ ಹಿಂಗ ತುಂಬ್ಯಾವ್ರಿ."

"ಅವರಿಗೆ ದಿನಾ ಯಾರು ಕಳಸ್ತಾರ?"

ನೀಲವ್ವ ತನ್ನ ಫೋನು ತೆರೆದು ತೋರಿಸಿದಳು. ದಿನಾ ಬೆಳಗ್ಗೆ ಐದಕ್ಕೆ ಒಂದು ಗುಲಾಬಿ, ಅದರ ಮೇಲೆ ಶುಭೋದಯ, ಕೆಳಗೆ ಮಲ್ಲೇಶಪ್ಪನವರ ಅಂಗಡಿಯ ಹೆಸರು. ಮೂರು ವರ್ಷದಿಂದ ಸಾಹುಕಾರರೇ ಎಲ್ಲ ಗಿರಾಕಿಗಳಿಗೂ ಕಳಿಸುತ್ತಿದ್ದರು. ಹಬ್ಬದ ದಿನ ಎರಡು.

ಸಾಹುಕಾರರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಆ ನಿನ್ನ ಸೈಟಿನ ಲಿಂಕು," ಅಂದರು ಕೊನೆಗೆ, "ಗುಲಾಬಿ ಕೆಳಗ ಹಿಡೀತದೇನು?"

"ಹಿಡೀತೈತ್ರಿ," ಅಂದಳು ನೀಲವ್ವ. "ಅದಕ್ಕ ಯಾರೂ ಬೀಗರನ್ನ ಅಳಸಬೇಕಾಗಿಲ್ಲ."